ಗೋಕರ್ಣದ ರ ಎಲ್ಲಿ ಕೂತಿದೆ?

ಕಾರವಾರದಿಂದ ಭಟ್ಕಳದ ಕಡೆಗೆ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಹೊರಟರೆ ದಾರಿಯ ಬೋರ್ಡುಗಳಲ್ಲಿ ಒಂದು ಗುರುತು ಮತ್ತೆ ಮತ್ತೆ ಸಿಗುತ್ತದೆ. ಗೋಕರ್ಣ, ಮಿರ್ಜಾನ, ಕರ್ಕಿ, ಮುರ್ಡೇಶ್ವರ. ಘಟ್ಟ ಹತ್ತಿದರೆ ಸಿರ್ಸಿ. (ಶಿರಸಿ ಎಂದು ಬರೆಯುವವರಿಗೆ ಈ ತಾಪತ್ರಯ ಇಲ್ಲ.) ಎಲ್ಲದರಲ್ಲೂ ಅರ್ಕಾವತ್ತು. ನಾಲಿಗೆ ಮೊದಲು ರ್ ಎಂದು ಆಮೇಲೆ ಣ ಎನ್ನುತ್ತದೆ. ಕೈ ಮೊದಲು ಣ ಬರೆದು ಆಮೇಲೆ ರ್ ಬರೆಯುತ್ತದೆ. ಒಂದನೇ ತರಗತಿಯಿಂದ ರೂಢಿಯಾಗಿರುವುದರಿಂದ ನಮಗೆ ಇದು ವಿಚಿತ್ರ ಅನ್ನಿಸುವುದಿಲ್ಲ. ಕನ್ನಡ ಹೊಸದಾಗಿ ಕಲಿಯುವವರು ಮಾತ್ರ ಇಲ್ಲಿಗೆ ಬಂದು ಒಂದು ಕ್ಷಣ ನಿಲ್ಲುತ್ತಾರೆ.

ಉತ್ತರ ಕನ್ನಡದಲ್ಲಿ ಈ ಪ್ರಶ್ನೆಗೆ ಐದು ಉತ್ತರ ಸಿಗುತ್ತವೆ, ಏಕೆಂದರೆ ಇಲ್ಲಿ ಬಳಕೆಯಲ್ಲಿರುವ ಲಿಪಿ ಐದು. ಕನ್ನಡ ಎಲ್ಲ ಕಡೆ ಇದೆ. ಕಾರವಾರದ ಸುತ್ತ ಮರಾಠಿ, ಕೊಂಕಣಿಗೆ ನಾಗರಿ. ಕ್ರೈಸ್ತ ಕೊಂಕಣಿಗರಲ್ಲಿ ರೋಮನ್. ಭಟ್ಕಳದಲ್ಲಿ ಉರ್ದು ಮತ್ತು ನವಾಯತಿಗೆ (ಅಲ್ಲಿನ ಮುಸ್ಲಿಮರ ಕೊಂಕಣಿ) ಅರಬ್ಬೀ-ಪಾರಸಿ ಲಿಪಿ. ಮುಂಡಗೋಡದಲ್ಲಿ ಟಿಬೆಟನ್. ಒಂದು ಲಿಪಿಯ ಸ್ವಭಾವ ತಿಳಿಯಬೇಕಾದರೆ ಅ ಆ ಇ ಈಯಿಂದ ಶುರು ಮಾಡಬೇಕಿಲ್ಲ, ರ ಎಲ್ಲಿ ಕೂರುತ್ತದೆ ಎಂದು ನೋಡಿದರೆ ಅರ್ಧ ಗೊತ್ತಾಯಿತು. ಕಂಪ್ಯೂಟರಿನಲ್ಲಿ ಪಠ್ಯ ಹಾಳಾಗುವುದೂ ಹೆಚ್ಚಾಗಿ ಇದೇ ಜಾಗದಲ್ಲಿ: ಉಚ್ಚಾರದ ಕ್ರಮ ಒಂದು, ಬರಹದ ಕ್ರಮ ಇನ್ನೊಂದು ಆದ ಕಡೆ.

ಮೊದಲು ಕನ್ನಡ. ಕೈಬರಹದ ನಿಯಮ ಸರಳ. ರ್ ಆದಮೇಲೆ ಬರುವ ವ್ಯಂಜನ ಯಾವುದು ನೋಡಿ. ಅದಕ್ಕೆ ಸ್ವರದ ಗುರುತು ಹಾಕಿ, ಒತ್ತಕ್ಷರ ಇದ್ದರೆ ಅದನ್ನೂ ಕೊಟ್ಟು, ದೀರ್ಘ ಇದ್ದರೆ ಎಳೆದು, ಎಲ್ಲ ಮುಗಿದ ಮೇಲೆ ಬಲತುದಿಗೆ ಅರ್ಕಾವತ್ತು. ಮುರ್ಡೇಶ್ವರ ಬರೆಯುವಾಗ ಮು, ಡೆ, ಅದರ ದೀರ್ಘ, ಆಮೇಲೆ ಅರ್ಕಾವತ್ತು, ಆಮೇಲೆ ಶ್ವ. ಸಾಮರ್ಥ್ಯದಲ್ಲಿ ಥ, ಅದರ ಯ-ಒತ್ತು, ಕೊನೆಗೆ ಅರ್ಕಾವತ್ತು. ತಪ್ಪು ಆಗುವುದು ಎರಡು ಕಡೆ. ದೀರ್ಘದ ಗುರುತೂ ಅರ್ಕಾವತ್ತೂ ಎರಡೂ ಅಕ್ಷರದ ಬಲಕ್ಕೇ ಬರುವುದರಿಂದ ಅವಸರದ ಕೈಯಲ್ಲಿ ಒಂದು ಇನ್ನೊಂದನ್ನು ನುಂಗುತ್ತದೆ. ಎರಡೂ ಬೇಕಾದ ಕಡೆ ಒಂದೇ ಉಳಿಯುತ್ತದೆ. ಎರಡನೆಯದು, ಅರ್ಕಾವತ್ತು ಒಂದು ಅಕ್ಷರ ಮುಂದೆ ಜಾರುವುದು. ನಿರ್ದೇಶನ ಹೋಗಿ ನಿದೇರ್ಶನ ಆಗುತ್ತದೆ. ಗೋಡೆಬರಹದಲ್ಲಿ, ಮದುವೆ ಕಾಗದದಲ್ಲಿ ಇದನ್ನು ಧಾರಾಳವಾಗಿ ಕಾಣಬಹುದು.

ಅನುಮಾನ ಬಂದರೆ ಛಂದಸ್ಸಿನ ಲೆಕ್ಕ ಹಾಕಿ. ಗೋಕರ್ಣಕ್ಕೆ ಪ್ರಸ್ತಾರ ಹಾಕಿದರೆ ಗುರು, ಗುರು, ಲಘು. ‘ಗೋ’ ದೀರ್ಘ, ಆದ್ದರಿಂದ ಗುರು. ‘ಕ’ ಹ್ರಸ್ವವೇ, ಆದರೂ ಗುರು, ಮುಂದೆ ಒತ್ತಕ್ಷರ ಇದೆಯಲ್ಲ. ಅಂದರೆ ಕಿವಿಯ ಲೆಕ್ಕದಲ್ಲಿ ರ್ ಇರುವುದು ಎರಡನೇ ಅಕ್ಷರದ ಜೊತೆ (ಗೋ-ಕರ್-ಣ), ಕಣ್ಣಿನ ಲೆಕ್ಕದಲ್ಲಿ ಮೂರನೆಯದರ ಜೊತೆ. ಯಾವ ಅಕ್ಷರ ರ್‌ನಿಂದಾಗಿ ಗುರುವಾಯಿತೋ ಅದರ ಮುಂದಿನ ಅಕ್ಷರಕ್ಕೆ ಅರ್ಕಾವತ್ತು ಕೊಡಬೇಕು. ‘ನಿ’ ಗುರುವಾಯಿತು, ಆದ್ದರಿಂದ ಅರ್ಕಾವತ್ತು ‘ದೇ’ಗೆ, ‘ಶ’ಕ್ಕೆ ಅಲ್ಲ.

ಈ ಗುರುತು ಮೊದಲಿನಿಂದ ಬಲಗಡೆ ಇರಲಿಲ್ಲ. ಬನವಾಸಿಯ ಕದಂಬರ ಕಾಲದ ಬರಹದಲ್ಲಿ ವ್ಯಂಜನಕ್ಕಿಂತ ಮುಂಚಿನ ರ್ ಅಕ್ಷರದ ತಲೆಯ ಮೇಲೆ ಕೂರುತ್ತಿತ್ತು, ಇವತ್ತಿನ ನಾಗರಿಯಲ್ಲಿ ಇರುವಂತೆಯೇ. ಮುಂದೆ ಕನ್ನಡ-ತೆಲುಗು ಕವಲಿನಲ್ಲಿ ಅದು ಬಲಕ್ಕೆ ಇಳಿಯಿತು. ಶಾಸನಗಳಲ್ಲಿ ಇನ್ನೊಂದು ಸಂಗತಿ ಗಮನಿಸಿ: ಧರ್ಮ್ಮ, ಪೂರ್ವ್ವ, ಕೀರ್ತ್ತಿ ಎಂದು ರ್ ಆದಮೇಲಿನ ವ್ಯಂಜನವನ್ನು ಇಮ್ಮಡಿಸಿ ಬರೆದಿರುತ್ತಾರೆ. ಅದು ಕಲ್ಕುಟಿಗನ ತಪ್ಪಲ್ಲ. ‘ಅಚೋ ರಹಾಭ್ಯಾಂ ದ್ವೇ’ ಎಂಬ ಪಾಣಿನಿಯ ಸೂತ್ರ, ಸ್ವರದ ಮುಂದೆ ರ ಅಥವಾ ಹ ಬಂದು ಅದರ ಮುಂದೆ ವ್ಯಂಜನವಿದ್ದರೆ ಅದನ್ನು ದ್ವಿತ್ವ ಮಾಡಬಹುದು ಎನ್ನುತ್ತದೆ. ಶಾಸನ ಓದಲು ಕಲಿಯುವವರು ಇದನ್ನು ಮೊದಲೇ ತಿಳಿದಿದ್ದರೆ ಪ್ರತಿ ಸಾಲಿನಲ್ಲೂ ಹೆಚ್ಚುವರಿ ಒತ್ತು ಕಂಡು ಗಾಬರಿಯಾಗುವುದು ತಪ್ಪುತ್ತದೆ.

ನಮ್ಮ ಅಕ್ಕಪಕ್ಕದವರು ಈ ಗುರುತನ್ನು ಬಿಟ್ಟರು. ತೆಲುಗಿನಲ್ಲಿ ಇದಕ್ಕೆ ವಲಪಲಗಿಲಕ ಎಂಬ ಚೆಂದದ ಹೆಸರಿತ್ತು, ಹಳೆಯ ಪುಸ್ತಕಗಳಲ್ಲಿ ಕಾಣುತ್ತದೆ. ಈಗಿನ ತೆಲುಗು ಪೂರ್ತಿ ರ ಬರೆದು ಅದರ ಕೆಳಗೆ ಒತ್ತು ಕೊಡುತ್ತದೆ. ಮಲಯಾಳದಲ್ಲಿ ಅಕ್ಷರದ ಮೇಲೆ ಒಂದು ಚುಕ್ಕಿಯಿತ್ತು, 1971ರ ಲಿಪಿ ಸುಧಾರಣೆಯ ನಂತರ ಅದರ ಜಾಗಕ್ಕೆ ಚಿಲ್ಲಕ್ಷರ ಬಂತು. ತಮಿಳು ಈ ಗೋಜಿಗೇ ಹೋಗಲಿಲ್ಲ, ರ ಬರೆದು ಮೇಲೆ ಪುಳ್ಳಿ ಇಟ್ಟರೆ ಮುಗಿಯಿತು. ದಕ್ಷಿಣದ ದೊಡ್ಡ ಲಿಪಿಗಳಲ್ಲಿ ಇದನ್ನು ದಿನಬಳಕೆಯಲ್ಲಿ ಪೂರ್ತಿಯಾಗಿ ಉಳಿಸಿಕೊಂಡದ್ದು ಕನ್ನಡ ಒಂದೇ. ನನ್ನ ಮಟ್ಟಿಗೆ ಅದು ಒಳ್ಳೆಯದೇ ಆಯಿತು: ಒಂದು ಅಕ್ಷರದ ಜಾಗದಲ್ಲಿ ಎರಡು ವ್ಯಂಜನ ಹಿಡಿಸುತ್ತದೆ, ಸಾಲಿನ ಕೆಳಗೂ ಇಳಿಯುವುದಿಲ್ಲ.

ಇನ್ನು ಕಂಪ್ಯೂಟರಿನ ಕಥೆ. ಎಲ್ಲ ಲಿಪಿಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ ಕೊಡುವ ಪದ್ಧತಿಯೇ ಯೂನಿಕೋಡ್. ಮುಂದೆ ಬರುವ ಅದರ ಸಂಖ್ಯೆಗಳನ್ನು ದಶಮಾನದಲ್ಲಿ ಕೊಟ್ಟಿದ್ದೇನೆ. ಚಾರ್ಟುಗಳಲ್ಲಿ ಷೋಡಶಮಾನದಲ್ಲಿ ಇರುತ್ತವೆ.

ಯೂನಿಕೋಡ್ ಅಕ್ಷರಗಳನ್ನು ಉಚ್ಚಾರದ ಕ್ರಮದಲ್ಲಿ ಇಡುತ್ತದೆ. ‘ರ್ಕ’ ಎಂದರೆ ರ (3248), ವಿರಾಮ ಅಂದರೆ ಹಲಂತದ ಗುರುತು (3277), ಕ (3221). ಅರ್ಕಾವತ್ತಿಗೆ ಪ್ರತ್ಯೇಕ ಸಂಖ್ಯೆಯೇ ಇಲ್ಲ. ರ ಮತ್ತು ವಿರಾಮ ಸೇರಿ ಮುಂದೆ ವ್ಯಂಜನ ಬಂದಾಗ, ಪರದೆಗೆ ಅಕ್ಷರ ಜೋಡಿಸುವ ತಂತ್ರಾಂಶ ಆ ಜೋಡಿಯನ್ನು ಎತ್ತಿ ಇಡೀ ಅಕ್ಷರದ ಬಲತುದಿಗೆ ಒಯ್ದು ಇಡುತ್ತದೆ. ಟೈಪ್ ಮಾಡುವವರು ಮಾತಾಡಿದ ಹಾಗೆ ಒತ್ತುತ್ತಾ ಹೋದರೆ ಸಾಕು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಾದರೆ ಆರ್, ಎಫ್, ಕೆ.

ಯೂನಿಕೋಡಿಗಿಂತ ಮುಂಚಿನ ಫಾಂಟುಗಳ ಪದ್ಧತಿ ಬೇರೆ. ಅವು ಕಣ್ಣಿಗೆ ಕಂಡಂತೆ ಆಕಾರಗಳನ್ನು ಸಾಲಾಗಿ ಇಡುತ್ತಿದ್ದವು, ಅಚ್ಚಿನ ಮೊಳೆ ಜೋಡಿಸಿದಂತೆ. ಕರ್ನಾಟಕ ಎಂಬುದು ಅಲ್ಲಿ ಕ, ನಾ, ಅರ್ಕಾವತ್ತು, ಟ, ಕ. ಈ ಪಠ್ಯವನ್ನು ಯೂನಿಕೋಡಿಗೆ ಬದಲಿಸುವಾಗ ಪರಿವರ್ತಕ ಅರ್ಕಾವತ್ತನ್ನು ‘ನಾ’ದ ಹಿಂದಕ್ಕೆ ತರಬೇಕು. ತಾರದೆ ಇದ್ದಲ್ಲೇ ರ್ ಎಂದು ಬದಲಿಸಿದರೆ ‘ಕನಾರ್ಟಕ’ ಹುಟ್ಟುತ್ತದೆ. ಪಿಡಿಎಫ್‌ನಿಂದ ನಕಲು ಮಾಡಿದಾಗಲೂ ಇದೇ ಗತಿ, ಏಕೆಂದರೆ ಅದರೊಳಗೆ ಇರುವುದು ಹೆಚ್ಚಾಗಿ ಆಕಾರಗಳ ಕ್ರಮ, ಅಕ್ಷರಗಳ ಕ್ರಮವಲ್ಲ. ಓದುವವನ ಕಣ್ಣಿಗೆ ಅರ್ಕಾವತ್ತು ಒಂದು ಮನೆ ಮುಂದೆ ಹೋಗಿರುತ್ತದೆ. ಗೋಕರ್ಣ ‘ಗೋಕಣರ್’ ಆಗಿ, ಅಲ್ಲಿ ಸೇರಲು ಮುಂದಿನ ಅಕ್ಷರವೇ ಇಲ್ಲದೆ ರ್ ಒಂಟಿಯಾಗಿ ನಿಂತಿರುತ್ತದೆ.

ಇಂಥ ಪಠ್ಯ ರಿಪೇರಿ ಮಾಡುವಾಗ ಒಂದೇ ಏಟಿಗೆ ಎಲ್ಲವನ್ನೂ ಬದಲಿಸುವ ಆಸೆ ಬರುತ್ತದೆ: ‘ಅಕ್ಷರ, ಅದರ ನಂತರ ರ್ ಎಂದು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಅದಲುಬದಲು ಮಾಡು’ ಎಂದು. ಹಾಗೆ ಮಾಡಿದರೆ ಸರಿಯಾಗಿದ್ದ ‘ಕಾರ್ಯ’ವೂ ‘ರ್ಕಾಯ’ ಆಗುತ್ತದೆ. ಪದಪಟ್ಟಿಯೊಂದನ್ನು ಇಟ್ಟುಕೊಂಡು, ಇದ್ದ ರೂಪ ಪಟ್ಟಿಯಲ್ಲಿ ಇಲ್ಲದೆ ಅದಲುಬದಲಾದ ರೂಪ ಇದ್ದರೆ ಮಾತ್ರ ಬದಲಿಸಬೇಕು. ಗೋಕಣರ್‌ನಂತೆ ಪದದ ಕೊನೆಗೆ ರ್ ಉಳಿದದ್ದನ್ನು ಕೈಯಾರೆ ನೋಡುವುದು ಒಳ್ಳೆಯದು, ಏಕೆಂದರೆ ಕಾರ್, ಡಾಕ್ಟರ್, ಸರ್ ಎಲ್ಲ ಸಾಚಾ ಪದಗಳು.

ಇನ್ನೊಂದು ಜಾತಿಯ ತಪ್ಪು ಇನ್ನೂ ತಮಾಷೆಯದು. ಅರ್ಕಾವತ್ತಿನ ಆಕಾರ ಕನ್ನಡದ ಒಂಬತ್ತನ್ನು ಹೋಲುತ್ತದೆ. ಹಾಗಾಗಿ ಅರ್ಕಾವತ್ತು ಹೊಡೆಯಲು ಬಾರದವರು ಅಂಕಿಯನ್ನೇ ಒತ್ತಿ ಕೆಲಸ ಮುಗಿಸಿದ್ದಾರೆ: ಕನಾ೯ಟಕ, ಗೋಕಣ೯. ನೋಡಲು ಎಲ್ಲ ಸರಿ. ಆದರೆ ಹುಡುಕಿದರೆ ಸಿಗುವುದಿಲ್ಲ, ಅಕಾರಾದಿ ಪಟ್ಟಿಯಲ್ಲಿ ತಪ್ಪಿ ಕೂರುತ್ತದೆ, ದೃಷ್ಟಿಹೀನರಿಗೆ ಪಠ್ಯ ಓದಿ ಹೇಳುವ ತಂತ್ರಾಂಶಕ್ಕೆ ಅದು ಬರೀ ಒಂಬತ್ತು. ಇದನ್ನು ಸರಿಪಡಿಸುವುದು ಮಾತ್ರ ಸುಲಭ. ಒಂಬತ್ತರ (3311) ಎಡಕ್ಕೆ ಜಾಗ ಬಿಡದೆ ಕನ್ನಡ ಅಕ್ಷರವೋ ಸ್ವರದ ಗುರುತೋ ಅಂಟಿಕೊಂಡಿದ್ದರೆ ಅದು ಬಹುಪಾಲು ಅರ್ಕಾವತ್ತೇ. ನಿಜವಾದ ಅಂಕಿ ೧೯ನೇ, ೯ರಂದು ಎಂಬಂತೆ ಇರುತ್ತದೆ. ಅಕ್ಷರ ಅದರ ಬಲಕ್ಕೆ ಬರುತ್ತದೆ, ಎಡಕ್ಕಲ್ಲ. ಆ ಷರತ್ತು ಹಾಕಿ, ಅಂಕಿಯನ್ನು ತೆಗೆದು, ಅದರ ಹಿಂದಿನ ಇಡೀ ಅಕ್ಷರಕ್ಕಿಂತ ಮೊದಲು ರ್ ಸೇರಿಸಬೇಕು. ‘ಇಡೀ ಅಕ್ಷರ’ ಎಂಬುದು ಮುಖ್ಯ: ಸಾಮಥ್ಯ೯ದಲ್ಲಿ ಯ-ಒತ್ತಿನ ಮೊದಲು ಸೇರಿಸಿದರೆ ಥ್‌ರ್ಯ ಎಂಬ ಹೊಸ ಪ್ರಾಣಿ ಹುಟ್ಟುತ್ತದೆ. ಥ್ಯ ಪೂರ್ತಿ ದಾಟಿ ಅದರ ಹಿಂದೆ ಹೋಗಬೇಕು.

ಈಗ ರ‍್ಯಾಂಕ್. ರ, ವಿರಾಮ, ಯ ಎಂದು ನೇರ ಹೊಡೆದರೆ ತಂತ್ರಾಂಶ ತನ್ನ ನಿಯಮದಂತೆ ಅರ್ಕಾವತ್ತು ಮಾಡುತ್ತದೆ, ‘ರ್ಯಾಂಕ್’ ಬರುತ್ತದೆ. ಸೂರ್ಯದಲ್ಲಿ ಅದು ಸರಿ. ಪದದ ಮೊದಲಲ್ಲಿ ಮಾತ್ರ ಅದಕ್ಕೆ ಅರ್ಥವಿಲ್ಲ, ಅರ್ಕಾವತ್ತಿನ ರ್ ಒರಗಿಕೊಳ್ಳಲು ಹಿಂದೆ ಒಂದು ಸ್ವರ ಬೇಕು. ಇಲ್ಲಿ ಬೇಕಾದದ್ದು ಪೂರ್ತಿ ರ, ಅದಕ್ಕೆ ಯ-ಒತ್ತು. ಅದಕ್ಕಾಗಿ ರ ಮತ್ತು ವಿರಾಮದ ನಡುವೆ ಕಣ್ಣಿಗೆ ಕಾಣದ ಒಂದು ಜೋಡುಗುರುತು (8205) ಇಡಬೇಕು: ರ, 8205, ವಿರಾಮ, ಯ. ವರ್ಡ್‌ನಲ್ಲಿ ಆಲ್ಟ್ ಕೀಲಿ ಹಿಡಿದು ಬಲಗಡೆಯ ನಂಬರ್ ಪ್ಯಾಡ್‌ನಲ್ಲಿ 8205 ಒತ್ತಿದರೆ ಅದು ಬರುತ್ತದೆ; ವೆಬ್ ಪುಟದ ಮೂಲದಲ್ಲಿ ‍ ಎಂದು ಬರೆದರೂ ಆಗುತ್ತದೆ. ಇದೇ ಉಪಾಯದಿಂದ ಸೂರ‍್ಯ, ಕಾರ‍್ಯ ಎಂಬ ರೂಪಗಳನ್ನೂ ಪಡೆಯಬಹುದು. ಅವು ತಪ್ಪೇನಲ್ಲ, ಕನ್ನಡದಲ್ಲಿ ಎರಡಕ್ಕೂ ಓದು ಒಂದೇ. ಆದರೆ ಒಂದೇ ಬರಹದಲ್ಲಿ ಎರಡೂ ರೂಪ ಬೆರೆಸಿದರೆ ಎಷ್ಟೋ ತಂತ್ರಾಂಶಗಳ ಹುಡುಕಾಟದಲ್ಲಿ ಅವು ಎರಡು ಬೇರೆ ಪದಗಳಾಗುತ್ತವೆ. ಒಂದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ.

ಇದಕ್ಕೆ ತದ್ವಿರುದ್ಧದ ಗುರುತು 8204, ಬಿಡಿಸುವಂಥದ್ದು. ಇದರ ಜಾಗ ವಿರಾಮದ ನಂತರ. ‘ಕಾರ್’ ಪದಕ್ಕೆ ‘ಗಳು’ ಸೇರಿಸಿದಾಗ ಅದು ಇಲ್ಲದಿದ್ದರೆ ಕಾರ್ಗಳು, ಇದ್ದರೆ ಕಾರ್‌ಗಳು. ವ್ಯಾಕರಣದ ಮಡಿ ಇರುವವರು ‘ಕಾರುಗಳು’ ಎಂದು ಬರೆದು ಇಬ್ಬರನ್ನೂ ದೂರ ಇಡುತ್ತಾರೆ. ಜಾಣತನ ಅಂದರೆ ಅದೇ.

ಕಾರವಾರದ ನಾಗರಿಗೆ ಬರೋಣ. 1862ರಲ್ಲಿ ಉತ್ತರ ಕನ್ನಡ ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು, 1956ರ ರಾಜ್ಯ ಪುನರ್ವಿಂಗಡಣೆಯ ತನಕ ಮುಂಬಯಿಯದೇ ಆಡಳಿತ. ಮರಾಠಿ ಓದುಬರಹ ಇಲ್ಲಿ ಬೇರು ಬಿಟ್ಟಿರುವುದರಲ್ಲಿ ಆಶ್ಚರ್ಯವಿಲ್ಲ. ಕೊಂಕಣಿಯಂತೂ ಮೊದಲಿನಿಂದ ಇಲ್ಲಿಯದೇ, ಬರೆಯುವವರು ಅವರವರ ಶಾಲೆಯ ಲಿಪಿಯಲ್ಲಿ ಬರೆಯುತ್ತಾರೆ.

ನಾಗರಿಯಲ್ಲಿ ರ ವೇಷ ಹಾಕುವುದು ಹೆಚ್ಚು. ಪೂರ್ತಿ ಅಕ್ಷರ ಒಂದು. ವ್ಯಂಜನಕ್ಕಿಂತ ಮುಂಚೆ ಬಂದರೆ ತಲೆಯ ಮೇಲೆ ಕೊಕ್ಕೆ, ಅದಕ್ಕೆ ರೇಫ ಎಂದು ಹೆಸರು. ನಂತರ ಬಂದರೆ ಕ್ರ, ಪ್ರಗಳಲ್ಲಿ ಕಾಲಿನ ಬಳಿ ಎಡಕ್ಕೆ ಇಳಿಯುವ ಓರೆಗೆರೆ. ಟ, ಡಗಳಿಗೆ ಹಾಗೆ ಗೆರೆ ತಗುಲಿಸಲು ನೆಟ್ಟನೆಯ ಕಂಬ ಇಲ್ಲ, ಆದ್ದರಿಂದ ಅವುಗಳ ಕೆಳಗೆ ಮನೆಯ ಮಾಡಿನ ಆಕಾರದ ಗುರುತು. ರು, ರೂ ಬರೆಯುವಾಗ ಸ್ವರದ ಗುರುತು ಕೆಳಗೆ ಬರದೆ ನಡುವಿಗೆ ಸೇರಿಕೊಳ್ಳುತ್ತದೆ. ರೇಫದ ಜಾಗ ಅಕ್ಷರದ ಬಲತುದಿ: ಶರ್ಮಾ ಎಂದು ಬರೆದರೆ ಅದು ಮ ಮೇಲೆ ಅಲ್ಲ, ‘ಆ’ಕಾರದ ಕಂಬದ ಮೇಲೆ ಕೂರುತ್ತದೆ. ಬೋರ್ಡು ಬರೆಯುವ ಕನ್ನಡಿಗರು ಇಲ್ಲಿ ಆಗಾಗ ಎಡವುತ್ತಾರೆ.

‘ಕಾರ್ತಿಕ’ವನ್ನು ನಾಗರಿಯಲ್ಲಿ ನೋಡಿ. ನಡುವಿನ ‘ರ್ತಿ’ಯ ಉಚ್ಚಾರ ರ್, ತ್, ಇ. ನಾಗರಿಯಲ್ಲಿ ಹ್ರಸ್ವ ಇಕಾರ ವ್ಯಂಜನದ ಎಡಕ್ಕೆ ಬರುತ್ತದೆ, ರೇಫ ಮೇಲೆ ಬಲಕ್ಕೆ ಬರುತ್ತದೆ. ಕಣ್ಣು ಎಡದಿಂದ ಬಲಕ್ಕೆ ಹೋದರೆ ಸಿಗುವುದು ಇ, ತ್, ರ್. ಪೂರ್ತಿ ತಿರುವುಮುರುವು! ಆದರೂ ಮರಾಠಿ ಶಾಲೆಯ ಮಗು ತಡವರಿಸದೆ ಓದುತ್ತದೆ, ಏಕೆಂದರೆ ಓದುವವನ ಕಣ್ಣು ಹಿಡಿಯುವುದು ಇಡೀ ಅಕ್ಷರದ ಆಕಾರವನ್ನು, ಅದರ ತುಂಡುಗಳ ಸಾಲನ್ನಲ್ಲ.

ಮರಾಠಿ ಮತ್ತು ಕೊಂಕಣಿಗೆ ಮೀಸಲಾದಂತಿರುವ ಇನ್ನೊಂದು ರೂಪ ಇದೆ, ನೇಪಾಳಿಯಲ್ಲೂ ಸಿಗುತ್ತದೆ. ಅಕ್ಷರದ ಎಡಕ್ಕೆ ಸಣ್ಣ ಬಾಗಿದ ಗೆರೆ, ರೆಪ್ಪೆಗೂದಲಿನಷ್ಟು. ಇದು ಬರೀ ಅಲಂಕಾರವಲ್ಲ, ಅರ್ಥ ಬದಲಿಸುತ್ತದೆ. ಮರಾಠಿಯಲ್ಲಿ ರೇಫ ಹಾಕಿದ ‘ದರ್ಯಾ’ ಎಂದರೆ ಸಮುದ್ರ. ರೆಪ್ಪೆಯ ರ ಹಾಕಿದ ‘ದರ‍್ಯಾ’ ಎಂದರೆ ಕಣಿವೆಗಳು, ದರಿ ಎಂಬುದರ ಬಹುವಚನ. ಕಾರವಾರದವರು ಪಶ್ಚಿಮಕ್ಕೆ ತಿರುಗಿದರೆ ಮೊದಲನೆಯದು, ಪೂರ್ವಕ್ಕೆ ತಿರುಗಿದರೆ ಎರಡನೆಯದು. ಹಾಗೆಯೇ ಆಚಾರ್ಯಾಸ್ ಎಂದರೆ ಗುರುವಿಗೆ, ಆಚಾರ‍್ಯಾಸ್ ಎಂದರೆ ಅಡುಗೆಯವನಿಗೆ. ಉಚ್ಚಾರದಲ್ಲಿ ವ್ಯತ್ಯಾಸ ಇಷ್ಟೇ: ರೇಫವಿದ್ದಾಗ ಹಿಂದಿನ ಅಕ್ಷರದ ಮೇಲೆ ಒತ್ತು ಬಿದ್ದು ಅದು ಗುರುವಾಗುತ್ತದೆ (ದರ್-ಯಾ), ರೆಪ್ಪೆಯಿದ್ದಾಗ ಹಿಂದಿನದು ಲಘುವಾಗಿಯೇ ಉಳಿಯುತ್ತದೆ (ದ-ರ‍್ಯಾ). ಕನ್ನಡ ಲಿಪಿಯಲ್ಲಿ ಕೊಂಕಣಿ, ಮರಾಠಿ ಬರೆಯುವವರ ಕೈಯಲ್ಲಿ ಈ ಎರಡು ಆಕಾರವೂ ಸಿದ್ಧವಾಗಿವೆ, ನಾನು ಇಲ್ಲಿ ಬರೆದು ತೋರಿಸಿದ್ದೇ ಸಾಕ್ಷಿ. ಕನ್ನಡಕ್ಕೆ ಬೇಡವಾದ ಈ ಭೇದವನ್ನು ಕೊಂಕಣಿಗೆ ನಿಯಮವಾಗಿ ಬಳಸಿಕೊಂಡರೆ ಏನೂ ಖರ್ಚಿಲ್ಲ.

ಟೈಪ್ ಮಾಡುವವರಿಗೆ ಇಲ್ಲೊಂದು ಗುಂಡಿ ಇದೆ. ನಾಗರಿಯಲ್ಲಿ ಜೋಡುಗುರುತಿನಿಂದ ರೆಪ್ಪೆಯ ರ ಪಡೆಯುವುದಾದರೆ ಅದರ ಜಾಗ ವಿರಾಮದ ನಂತರ: ರ (2352), ವಿರಾಮ (2381), 8205. ಕನ್ನಡದಲ್ಲಿ ವಿರಾಮಕ್ಕಿಂತ ಮೊದಲು. ನಾಗರಿಯ ಅಭ್ಯಾಸವನ್ನು ಕನ್ನಡಕ್ಕೆ ತಂದರೆ ಒಂದು ಫಾಂಟಿನಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ಕಾಣುತ್ತದೆ. ನಾಗರಿಯಲ್ಲಿ ಇದಕ್ಕಿಂತ ಚೊಕ್ಕಟವಾದ ದಾರಿ 2353ನೇ ಅಕ್ಷರಕ್ಕೆ ವಿರಾಮ ಸೇರಿಸುವುದು. ಆ 2353 ಯಾವುದು ಗೊತ್ತೇ? ದ್ರಾವಿಡ ಭಾಷೆಗಳ ಗಡಸು ರಕಾರವನ್ನು, ಅಂದರೆ ನಮ್ಮ ಹಳಗನ್ನಡದ ಶಕಟರೇಫ ಱ ಇದೆಯಲ್ಲ, ಅದನ್ನು ನಾಗರಿಯಲ್ಲಿ ಬರೆದು ತೋರಿಸಲು ಇಟ್ಟ ಅಕ್ಷರ. ಅರಿ ಎಂದರೆ ಕತ್ತರಿಸು, ಅಱಿ ಎಂದರೆ ತಿಳಿ ಎಂದು ಭೇದ ಮಾಡುತ್ತಿದ್ದ ಆ ಅಕ್ಷರವನ್ನು ನಾವು ಕೈಬಿಟ್ಟೆವು. ಅದರ ಹೆಸರಿನಲ್ಲಿ ತೆರೆದ ಖಾತೆಯನ್ನು ಮರಾಠಿಗರು ದಿನವೂ ಉಪಯೋಗಿಸುತ್ತಿದ್ದಾರೆ.

ರೋಮನ್ ಲಿಪಿಯಲ್ಲಿ ರ ಎಲ್ಲಿ ಬಂದರೂ ಒಂದೇ ಆಕಾರ, ಒಂದೇ ಜಾಗ. ಅಲ್ಲಿ ತೊಂದರೆ ಕೊಡುವುದು ಸ್ವರಗಳು. 1883ರಲ್ಲಿ ಬಂದ ಮುಂಬಯಿ ಪ್ರಾಂತದ ಗೆಜೆಟಿಯರಿನ ಕೆನರಾ ಸಂಪುಟದಲ್ಲಿ ದೀರ್ಘ ಅಕಾರಕ್ಕೆಲ್ಲ ಮೇಲೆ ಓರೆಗೆರೆ ಹಾಕಿ ಕಾರವಾರವನ್ನು ಅಚ್ಚುಕಟ್ಟಾಗಿ ಬರೆದಿದ್ದರು. ಆ ಗೆರೆ ಈಗಿನ ಬೋರ್ಡುಗಳಲ್ಲಿ ಇಲ್ಲ.

ಭಟ್ಕಳದ ಬರಹ ಬಲದಿಂದ ಎಡಕ್ಕೆ ಹೋಗುತ್ತದೆ, ಅಕ್ಷರಗಳು ಒಂದಕ್ಕೊಂದು ಕೈ ಹಿಡಿದುಕೊಳ್ಳುತ್ತವೆ. ಆದರೆ ಕೆಲವು ಅಕ್ಷರ ಹಿಂದಿನದರ ಕೈ ಹಿಡಿದರೂ ಮುಂದಿನದಕ್ಕೆ ಕೈ ಕೊಡುವುದಿಲ್ಲ: ಅಲಿಫ್, ದಾಲ್, ಝಾಲ್, ರೇ, ಝೇ, ವಾವ್ ಮತ್ತು ಅವುಗಳ ಬಳಗ. ರೇ (1585) ಬಂದಲ್ಲಿ ಪದ ತುಂಡಾಗುತ್ತದೆ. ಭಟ್ಕಳ ಎಂದು ಉರ್ದುವಿನಲ್ಲಿ ಬರೆದರೆ ಇಡೀ ಪದ ಎಲ್ಲೂ ಕಡಿಯದ ಒಂದೇ ಎಳೆ. ಸಿರ್ಸಿ ಎರಡು ತುಂಡು, ಗೋಕರ್ಣ ಮೂರು. ಕಾರವಾರ? ಕಾಫ್, ಅಲಿಫ್, ರೇ, ವಾವ್, ಅಲಿಫ್, ರೇ ಎಂದು ಆರು ಅಕ್ಷರ, ಅದರಲ್ಲಿ ಕೂಡುವುದು ಮೊದಲಿನ ಎರಡೇ. ಒಟ್ಟು ಐದು ತುಂಡು. ಕನ್ನಡದಲ್ಲೂ ನಾಗರಿಯಲ್ಲೂ ಒಂದೇ ಒಂದು ಒತ್ತಿಲ್ಲದೆ ಸಲೀಸಾಗಿ ನಿಲ್ಲುವ ಹೆಸರು ಇಲ್ಲಿ ಚೂರುಚೂರು.

ಈ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಕಾಫ್ ಪಕ್ಕ ರೇ ಇದ್ದರೆ ಅದು ಕರ, ಕರ್, ಕಿರ್, ಕ್ರ ಏನೂ ಆಗಬಹುದು. ಸಂದೇಹ ಬಿಡಿಸಬೇಕಾದಾಗ ಜಬರ್, ಜೇರ್, ಪೇಶ್ ಗುರುತುಗಳಿವೆ. ಸ್ವರವೇ ಇಲ್ಲ ಎಂದು ತೋರಿಸಲು ಜಝ್ಮ್. ನಮ್ಮ ವಿರಾಮದ ಕೆಲಸ ಮಾಡುವುದು ಅದು. ಶಾಲೆಯ ಪುಸ್ತಕದಾಚೆ ಅಪರೂಪ. ರೇ ಮೇಲೆ ಒಂದು ಚುಕ್ಕಿ ಇಟ್ಟರೆ ಝೇ, ಸಣ್ಣ ತೋಯ್ ಅಕ್ಷರದ ಆಕಾರ ಇಟ್ಟರೆ ಉರ್ದುವಿನ ಮಡಿಸಿದ ನಾಲಿಗೆಯ ಡ಼ಕಾರ.

ಅಕ್ಷರಗಳನ್ನು ಕೇಳಿದ ಕ್ರಮದಲ್ಲೇ ಇಡುವುದರಿಂದ ಅರ್ಕಾವತ್ತಿನಂಥ ಸರ್ಕಸ್ ಇಲ್ಲಿಲ್ಲ. ಇಲ್ಲಿನ ತೊಂದರೆಯೇ ಬೇರೆ. ರೇಯಿಂದ ಕೊನೆಗೊಳ್ಳುವ ಪದದ ನಂತರ ಜಾಗ ಬಿಡದಿದ್ದರೂ ಕಣ್ಣಿಗೆ ಬಿಟ್ಟಂತೆಯೇ ಕಾಣುತ್ತದೆ, ಹೇಗೂ ಕೂಡುವುದಿಲ್ಲವಲ್ಲ. ಹಾಗಾಗಿ ಟೈಪ್ ಮಾಡುವವರು ಸ್ಪೇಸ್ ಒತ್ತುವುದನ್ನು ಬಿಡುತ್ತಾರೆ. ಕಂಪ್ಯೂಟರಿಗೆ ಎರಡು ಪದ ಸೇರಿ ಒಂದಾಗುತ್ತದೆ, ಹುಡುಕಿದರೆ ಸಿಗುವುದಿಲ್ಲ. ಇನ್ನೊಂದು, ಕನ್ನಡ ಮತ್ತು ಉರ್ದು ಒಂದೇ ಸಾಲಿನಲ್ಲಿ ಬಂದಾಗ ಫೋನ್ ನಂಬರು, ಆವರಣ ಚಿಹ್ನೆಗಳು ಇದ್ದಕ್ಕಿದ್ದಂತೆ ಸಾಲಿನ ಆಚೆ ತುದಿಗೆ ಹಾರುತ್ತವೆ. ಅಂಥ ಕಡೆ ಎಡದಿಂದ ಬಲಕ್ಕೆ ಎಂದು ಹೇಳುವ 8206, ಬಲದಿಂದ ಎಡಕ್ಕೆ ಎನ್ನುವ 8207 ಎಂಬ ಕಾಣದ ಗುರುತುಗಳನ್ನು ಹಾರುವ ಚಿಹ್ನೆಯ ಪಕ್ಕದಲ್ಲಿ ಇಟ್ಟರೆ ಅದು ಜಾಗದಲ್ಲಿ ಕೂರುತ್ತದೆ. ಎರಡು ಭಾಷೆಗೆ ಎರಡು ಸಾಲು ಮಾಡಿಬಿಟ್ಟರೆ ಇದಾವುದೂ ಬೇಡ.

ಮುಂಡಗೋಡದ ಟಿಬೆಟನ್ ಕಾಲೊನಿ 1966ರಲ್ಲಿ ಶುರುವಾದದ್ದು. ಅಲ್ಲಿನ ಲಿಪಿ ನೋಡಲು ಪರಕೀಯ ಅನ್ನಿಸಿದರೂ ನಮ್ಮ ಲಿಪಿಯ ದಾಯಾದಿಯೇ, ಬ್ರಾಹ್ಮಿಯ ಉತ್ತರದ ಕವಲಿನಿಂದ ಏಳನೇ ಶತಮಾನದಲ್ಲಿ ಹೋದದ್ದು. ಮೂವತ್ತು ವ್ಯಂಜನ. ಪ್ರತಿ ಉಚ್ಚಾರಾಂಶದ ಕೊನೆಗೆ ಮೇಲ್ಗಡೆ ಒಂದು ಚುಕ್ಕಿ. ಇಲ್ಲಿ ರ ನಾಲಿಗೆಯ ಕ್ರಮವನ್ನು ಪಾಲಿಸುತ್ತದೆ: ಮೊದಲು ಉಚ್ಚರಿಸುವುದು ಮೇಲೆ, ಆಮೇಲಿನದು ಅದರ ಕೆಳಗೆ. ‘ರ್ಕ’ ಎಂದರೆ ರ ತಲೆಯ ಮೇಲೆ, ಕ ಕೆಳಗೆ. ಇದಕ್ಕೆ ‘ರಾ-ಗೋ’, ರ ತಲೆ ಎಂದೇ ಹೆಸರು. ಹನ್ನೆರಡು ವ್ಯಂಜನಗಳ ಮೇಲೆ ಮಾತ್ರ ಅದು ಕೂರಬಹುದು. ಕೂತಾಗ ಅದರ ಆಕಾರ ಮೊಟಕಾಗುತ್ತದೆ, ಞ ಮೇಲೆ ಮಾತ್ರ ಪೂರ್ತಿ ಉಳಿಯುತ್ತದೆ.

ಇಷ್ಟು ಶಿಸ್ತಾಗಿ ಬರೆದು, ಓದುವಾಗ ಅದನ್ನು ನುಂಗಿಬಿಡುತ್ತಾರೆ. ಕುದುರೆಗೆ ಬರೆಯುವುದು ‘ರ್ತ’, ಹೇಳುವುದು ‘ತ’. ಬರಹ ನಿಂತಲ್ಲಿ ನಿಂತಿತು, ಮಾತು ಮುಂದೆ ಹೋಯಿತು. ಬಾಲ್ಟಿಯಂಥ ಪಶ್ಚಿಮದ ನುಡಿಗಳಲ್ಲಿ ಆ ರಕಾರ ಇನ್ನೂ ಕೇಳಿಸುತ್ತದೆ. ಹಾಗೆಂದು ಟಿಬೆಟಿನ ರಾಜಧಾನಿ ಲ್ಹಾಸಾದ ಮಾತಿನಲ್ಲಿ ರ ತಲೆ ದಂಡಕ್ಕೆ ಇದೆ ಎಂದಲ್ಲ. ಬರಿಯ ಗ ಅಲ್ಲಿ ತಗ್ಗುದನಿಯ ಖಕಾರದ ಹತ್ತಿರ ಕೇಳಿಸುತ್ತದೆ. ರ ತಲೆ ಏರಿದರೆ ಉಸಿರು ಹೋಗಿ ಗಕಾರವೇ ಆಗುತ್ತದೆ. ರ ತಾನು ಮೌನವಾಗಿದ್ದು ಕೆಳಗಿನವನ ದನಿ ಬದಲಿಸುತ್ತದೆ.

ಅದು ಒಮ್ಮೊಮ್ಮೆ ಬಾಯಿ ಬಿಡುವುದೂ ಉಂಟು. ದೊರ್ಜೆ ಎಂಬ ಹೆಸರು ಎಲ್ಲರಿಗೂ ಗೊತ್ತು. ಅದನ್ನು ಬರೆಯುವುದು ‘ರ್ದೊ-ರ್ಜೆ’. ಎರಡೂ ಕಡೆ ರ ತಲೆ ಇದೆ. ಮೊದಲನೆಯದರ ಹಿಂದೆ ಸ್ವರ ಇಲ್ಲ, ಆದ್ದರಿಂದ ಮೌನ. ಎರಡನೆಯದರ ಹಿಂದೆ ‘ಒ’ ಇದೆ, ಅದಕ್ಕೆ ಒರಗಿಕೊಂಡು ರ್ ಕೇಳಿಸುತ್ತದೆ. ರ‍್ಯಾಂಕ್ ಪದದಲ್ಲಿ ಅರ್ಕಾವತ್ತು ಏಕೆ ಸಲ್ಲದು ಎಂಬುದಕ್ಕೆ ಹೇಳಿದ ಕಾರಣವೇ ಇದು.

ರ ಕೆಳಗೆ ಹೋದರೆ ಇನ್ನೊಂದು ಆಟ. ಕ್ರ, ಪ್ರ, ಗ್ರ, ಬ್ರಗಳೆಲ್ಲ ಲ್ಹಾಸಾ ಮಾತಿನಲ್ಲಿ ಟ, ಡ ವರ್ಗಕ್ಕೆ ತಿರುಗಿವೆ. ಮುಂಡಗೋಡದ ಡ್ರೆಪುಂಗ್ ಮಠದ ಹೆಸರನ್ನು ಬರೆಯುವಾಗ ‘ಬ್ರಸ್ ಸ್ಪುಂಗ್ಸ್’ ಎಂಬಷ್ಟು ಅಕ್ಷರ ಬೇಕು, ಜೊತೆಗೆ ಮುಂದೊಂದು ಉಚ್ಚರಿಸದ ಅಕ್ಷರ. ಅರ್ಥ ಅಕ್ಕಿಯ ರಾಶಿ. ‘ಬ್ರ’ ಅಲ್ಲಿ ಡಕಾರವಾಯಿತು, ‘ಅಸ್’ ಎಂಬುದು ‘ಎ’ ಆಯಿತು. ಹೊರಗಿನವರು ಡ್ರೆ ಎಂದು ಬರೆಯುವಾಗ ಸೇರಿಸುವ ರಕಾರ ಆ ಹಳೆಯ ಕಾಗುಣಿತದ ನೆರಳು. ಟಾಶಿ ಎಂಬ ಹೆಸರಿನ ‘ಟಾ’ ಕೂಡ ಬರಹದಲ್ಲಿ ಬ್ಕ್ರ.

ಟಿಬೆಟನ್ ನಿಘಂಟು ತೆರೆಯುವವರಿಗೆ ಒಂದು ಮಾತು. ‘ರ್ತ’ವನ್ನು ರ ವಿಭಾಗದಲ್ಲಿ ಹುಡುಕಿದರೆ ಸಿಗುವುದಿಲ್ಲ, ತ ವಿಭಾಗದಲ್ಲಿ ಹುಡುಕಬೇಕು. ತಲೆಯ ಮೇಲಿನದು, ಕಾಲ ಕೆಳಗಿನದು, ಮುಂದೆ ಸೇರಿದ್ದು ಎಲ್ಲ ಕಳೆದು ಮೂಲಾಕ್ಷರ ಯಾವುದು ಎಂದು ಮೊದಲು ಗುರುತಿಸಬೇಕು. ಒಂದರ ಮೇಲೊಂದು ಅಕ್ಷರ ಪೇರಿಸಿರುವ ಜಾಗ, ಅಥವಾ ಸ್ವರದ ಗುರುತು ಹೊತ್ತಿರುವ ಜಾಗದಲ್ಲಿ ಅದು ಇರುತ್ತದೆ.

ಯೂನಿಕೋಡಿನಲ್ಲಿ ಟಿಬೆಟನ್ ಕಂಡ ಪಾಡು ಕುತೂಹಲದ್ದು. 1991ರ ಮೊದಲ ಆವೃತ್ತಿಯಲ್ಲಿ ಅದಕ್ಕೂ ನಮ್ಮ ಲಿಪಿಗಳಂತೆ ವಿರಾಮದ ವ್ಯವಸ್ಥೆ ಮಾಡಿದ್ದರು. ಅದನ್ನು ತೆಗೆದುಹಾಕಿ, 1996ರ 2.0 ಆವೃತ್ತಿಯಲ್ಲಿ ಬೇರೆಯೇ ರೀತಿ ತಂದರು: ಪೂರ್ತಿ ಅಕ್ಷರಕ್ಕೆ ಒಂದು ಸಂಖ್ಯೆ, ಅದರದ್ದೇ ಒತ್ತಕ್ಷರಕ್ಕೆ ಇನ್ನೊಂದು. ರ್ಕ ಎಂದರೆ ರ (3938), ಕ-ಒತ್ತು (3984), ಅಷ್ಟೇ. ನಡುವೆ ವಿರಾಮವೂ ಇಲ್ಲ, ಅಕ್ಷರ ಎತ್ತಿ ಇಡುವ ಕೆಲಸವೂ ಇಲ್ಲ. ಕಾಂಬೋಡಿಯಾದ ಖ್ಮೇರ್ ಲಿಪಿಯಲ್ಲಿ ಮೂರನೇ ದಾರಿ ಇದೆ. ಅಲ್ಲಿ ಧರ್ಮ ಎಂಬ ಪದದ ಮ ಮೇಲೆ ನಮ್ಮ ರೇಫದ ವಂಶದ್ದೇ ಒಂದು ಗುರುತಿದೆ, ರೊಬಾತ್ ಎಂದು ಹೆಸರು, ಸಂಖ್ಯೆ 6092. ಅದನ್ನು ವ್ಯಂಜನದ ನಂತರ, ಕಣ್ಣಿಗೆ ಕಂಡ ಕ್ರಮದಲ್ಲಿ ಹೊಡೆಯಬೇಕು. ಕನ್ನಡದ ಹಳೆಯ ಫಾಂಟುಗಳು ಮಾಡುತ್ತಿದ್ದದ್ದೂ ಅದನ್ನೇ. ಅಲ್ಲಿ ಅದು ಶಿಷ್ಟ ಪದ್ಧತಿ, ಇಲ್ಲಿ ರಿಪೇರಿಯ ಬಾಬತ್ತು.

ಕೊನೆಗೆ, ಕನ್ನಡದಲ್ಲಿ ಬೋರ್ಡು, ಪುಸ್ತಕ, ವೆಬ್ ಪುಟ ಮಾಡಿಸುವವರು ಫಾಂಟು ಒಪ್ಪಿಕೊಳ್ಳುವ ಮುಂಚೆ ಈ ಸಾಲು ಹಾಕಿ ನೋಡಲಿ: ಗೋಕರ್ಣ, ಮುರ್ಡೇಶ್ವರ, ಸಾಮರ್ಥ್ಯ, ಕಾರ್ತೀಕ, ರ‍್ಯಾಲಿ, ಕಾರ್‌ಗಳು. ಮುರ್ಡೇಶ್ವರದಲ್ಲಿ ಅರ್ಕಾವತ್ತು ದೀರ್ಘದ ಬಲಕ್ಕೆ ಇರಬೇಕು, ಅದಕ್ಕೆ ತಾಗಬಾರದು. ಸಾಮರ್ಥ್ಯದಲ್ಲಿ ಯ-ಒತ್ತಿನ ಕೊನೆಯ ಸುತ್ತು ಮತ್ತು ಅರ್ಕಾವತ್ತು ಒಂದರ ಮೇಲೊಂದು ಬೀಳಬಾರದು. ಅಗ್ಗದ ಫಾಂಟುಗಳು ಸೋಲುವುದು ಇಲ್ಲೇ. ಕಾರ್ತೀಕದಲ್ಲಿ ದೀರ್ಘವೂ ಅರ್ಕಾವತ್ತೂ ದೂರದಿಂದ ಎರಡಾಗಿ ಕಾಣಬೇಕು, ಹೆದ್ದಾರಿಯ ಬೋರ್ಡಾದರೆ ಇದು ಇನ್ನೂ ಮುಖ್ಯ. ರ‍್ಯಾಲಿಯಲ್ಲಿ ಪೂರ್ತಿ ರ ಕಾಣದೆ ಅರ್ಕಾವತ್ತು ಬಂದರೆ ಜೋಡುಗುರುತು ದಾರಿಯಲ್ಲಿ ಉದುರಿದೆ ಎಂದು ಅರ್ಥ; ಕೆಲವು ತಂತ್ರಾಂಶಗಳು ಪಠ್ಯ ಉಳಿಸುವಾಗ ಕಾಣದ ಗುರುತುಗಳನ್ನು ಕಸವೆಂದು ಗುಡಿಸುತ್ತವೆ. ಕಾರ್‌ಗಳು ಎಂಬಲ್ಲಿ ಚುಕ್ಕಿಗೆರೆಯ ವೃತ್ತವೋ ಖಾಲಿ ಚೌಕವೋ ಕಂಡರೆ ಆ ಫಾಂಟಿಗೆ 8204ರ ಪರಿಚಯವಿಲ್ಲ. ಮುದ್ರಣಕ್ಕೆ ಕೊಡುವಾಗ ಪಠ್ಯವನ್ನು ಯೂನಿಕೋಡಿನಲ್ಲಿ ಕಳಿಸಿ. ಅವರ ಪುಟವಿನ್ಯಾಸ ಹಳೆಯ ಫಾಂಟಿನಲ್ಲಿ ಆಗುವುದಾದರೆ ಕರಡು ಬಂದ ಕೂಡಲೇ ಮೊದಲು ಊರಿನ ಹೆಸರು, ಆಮೇಲೆ ಶರ್ಮ, ವರ್ಮ, ಕುರ್ಡೇಕರ ಥರದ ಮನೆತನದ ಹೆಸರುಗಳಲ್ಲಿ ಅರ್ಕಾವತ್ತು ಎಲ್ಲಿದೆ ಎಂದು ನೋಡಿ. ಪದಪಟ್ಟಿಯಲ್ಲಿ ಇಲ್ಲದ ಆ ಹೆಸರುಗಳನ್ನು ಯಾವ ತಂತ್ರಾಂಶವೂ ತಿದ್ದಿ ಕೊಡುವುದಿಲ್ಲ.